ಹಾಡು ನಿಂತ ಮೇಲೆ ಸವಾಯಿ ಗಂಧರ್ವರು

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಕುಳಿತರೆ ಸ್ವಲ್ಪ ಹೊತ್ತಿನಲ್ಲಿಯೇ ಕುಂದಗೋಳವು ಬರುತ್ತದೆ. ಈ ಊರಿನಲ್ಲಿ 1886ರ ಜನವರಿ 19ರಂದು ಹುಟ್ಟಿದ ರಾಮಚಂದ್ರ ಕುಂದಗೋಳಕರರೇ ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದರು. ಅವರಿಗೆ ಹುಟ್ಟಿನಿಂದ ಬಂದ ಕಂಠವು ಅಷ್ಟೊಂದು ಇಂಪಾದುದಲ್ಲ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ದುಡಿದು ಅದನ್ನು ಹದಗೊಳಿಸಿಕೊಂಡರು. ಮರಾಠಿ ರಂಗಭೂಮಿಯ ಮೇಲೆ ಸ್ತ್ರೀಪಾತ್ರ ವಹಿಸಿ ಹೆಸರಾದರು. ಬೈಠಕ್ಕುಗಳಲ್ಲಿ ಕೀರ್ತಿ ಪಡೆದರು. ದುಡಿದು ಗಳಿಸಿದ ಧನದ ಮೇಲಿನ ಮಮತೆ ಪಿತ್ರಾರ್ಜಿತದ ಮೇಲೆ ಇರುವುದಿಲ್ಲವಷ್ಟೆ!

ಗುರುಗಳು 1937ರಲ್ಲಿ ಮದರಾಸಿನ ಕಡೆ ಪ್ರವಾಸದಲ್ಲಿದ್ದಾಗ ರೈಲಿನಲ್ಲಿಯೇ ಎದೆನೋವು ಕಾಣಿಸಿಕೊಂಡು, ಒಂದು ಸಣ್ಣ ನಿಲ್ದಾಣದಲ್ಲಿ ಇಳಿದು ತೀರಿಕೊಂಡರು. ನಾಲ್ಕೈದು ವರ್ಷಗಳಲ್ಲಿ ಶಿಷ್ಯನಿಗೆ ಲಕ್ವಾ ಹೊಡೆಯಿತು. ಆಗ ಸವಾಯಿ ಗಂಧರ್ವರಿಗೆ 55ರ ವಯಸ್ಸು. ಎದೆಯ ಬೇನೆ, ಲಕ್ವಾ ಇವೆರಡೂ ಹೆಚ್ಚಾಗಿ ರಕ್ತನಾಳಗಳ ಕೇಡಿನಿಂದಲೇ ಬರುವಂಥವು. ಒಂದು ಹೃದಯವನ್ನು ಹಿಡಿದರೆ ಇನ್ನೊಂದು ಮೆದುಳನ್ನು ಹಿಡಿಯುತ್ತದೆ. ರಕ್ತದೊತ್ತಡವನ್ನು ಇಳಿಸುವ ಒಳ್ಳೆಯ ಗುಳಿಗೆಗಳು ಆಗಿನ್ನೂ ಬಂದಿರಲಿಲ್ಲ. ಮೈಯ ಒಂದು ಭಾಗ ಸ್ವಾಧೀನ ತಪ್ಪಿತು. ಸಾರ್ವಜನಿಕ ಗಾಯನವು ಅಲ್ಲಿಗೆ ನಿಂತಿತು.

ಇಂಥ ಬೇನೆಗಳು ಮೈಯೊಂದನ್ನೇ ಕೆಡಿಸಿ ಸುಮ್ಮನಾಗುವುದಿಲ್ಲ. ಹೃದಯಾಘಾತವಾಗಿ ಉಳಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು, ಲಕ್ವಾ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಮನಸ್ಸಿನ ಖಿನ್ನತೆಗೆ ಒಳಗಾಗುವರೆಂದು ಇಂದಿನ ವೈದ್ಯರು ಕಂಡುಕೊಂಡಿದ್ದಾರೆ. ಖಿನ್ನನಾದವನು ಔಷಧ ಮರೆಯುತ್ತಾನೆ, ಹಾಸಿಗೆ ಬಿಟ್ಟು ಏಳಲೊಲ್ಲ, ಜನರನ್ನು ದೂರವಿಡುತ್ತಾನೆ. ಬೇನೆ ಮರುಕಳಿಸುವ ಭಯವೂ ಹೆಚ್ಚುತ್ತದೆ. ಅದಕ್ಕಾಗಿಯೇ ಅಮೇರಿಕೆಯ ಹೃದ್ರೋಗ ಸಂಘವು 2008ರಲ್ಲಿ, ಹೃದ್ರೋಗಿಗಳ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಬೇಕೆಂದು ವೈದ್ಯರಿಗೆ ಸಲಹೆ ಮಾಡಿತು. ನಮ್ಮ ಕನ್ನಡಕ್ಕೆ ಈ ಸಂಬಂಧವು ಹೊಸದಲ್ಲ. ಧೈರ್ಯಕ್ಕೆ ನಾವು ಎದೆಗಾರಿಕೆ ಎನ್ನುತ್ತೇವೆ. ಅದು ಹೋದರೆ ಎದೆಗುಂದಿದನೆನ್ನುತ್ತೇವೆ.

ಸವಾಯಿ ಗಂಧರ್ವರ ಕೈಯಲ್ಲಿ ಉಳಿದದ್ದು ಪಾಠ. ಅದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಕಾಯಿಲೆಗೆ ಮುಂಚೆಯೂ ಅವರು ಕಟ್ಟುನಿಟ್ಟಿನ ಗುರುಗಳೇ ಆಗಿದ್ದರು. ಗದಗಿನಿಂದ ಬಂದ ಭೀಮಸೇನ ಜೋಶಿಯವರು ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ರೈಲಿನಲ್ಲಿಯೇ ಮರಳುತ್ತಿದ್ದರು. ಹತ್ತು ರಾಗ ಮುಟ್ಟಿಸುವುದಕ್ಕಿಂತ ಒಂದನ್ನೇ ತಿಂಗಳುಗಟ್ಟಲೆ ತಿದ್ದುವುದು ಅವರ ಪದ್ಧತಿ. ಅಂಥ ಪಾಠಕ್ಕೆ ಗುರುವಿನ ಗಂಟಲಿಗಿಂತ ಕಿವಿಯು ಮುಖ್ಯ. ಲಕ್ವಾ ಆ ಕಿವಿಯನ್ನು ಮುಟ್ಟಿರಲಿಲ್ಲ. ದಿನವೂ ಯಾರಾದರೊಬ್ಬರು ತಂಬೂರಿ ಶ್ರುತಿ ಮಾಡಿ ಎದುರಿಗೆ ಕುಳಿತುಕೊಳ್ಳುವರೆಂಬುದು ರೋಗಿಗೆ ಎಂಥ ಊರುಗೋಲೆಂಬುದನ್ನು, ಮನೆಯಲ್ಲಿ ಇಂಥ ಹಿರಿಯರಿದ್ದವರು ಬಲ್ಲರು.

1946ರಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿಯ ಉತ್ಸವವಾಯಿತು. ಭೀಮಸೇನರು ಗುರುಗಳ ಮುಂದೆ ಹಾಡಿ ಜನರ ಮೆಚ್ಚುಗೆ ಗಳಿಸಿದ್ದು ಅಲ್ಲಿಯೇ. 1952ರ ಸೆಪ್ಟೆಂಬರ್ 12ರಂದು ಗುರುಗಳು ಪುಣೆಯಲ್ಲಿ ನಿಧನರಾದರು. ಮರುವರ್ಷ ಅದೇ ಊರಿನಲ್ಲಿ ಅವರ ಹೆಸರಿನ ಸಂಗೀತೋತ್ಸವವು ಆರಂಭವಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪುಣ್ಯತಿಥಿಯ ಸಂಗೀತ ನಡೆದುಬಂದಿದೆ.