ಮದ್ದಿನ ಮನೆಯ ತಾಯಿ

ಹದಿನೇಳನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ಅರಮನೆ ಔಷಧಾಲಯದ ಹೊಣೆ ಒಬ್ಬ ವಿಧವೆಯ ಕೈಯಲ್ಲಿತ್ತು. ವಿಶ್ವವಿದ್ಯಾಲಯಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದ ಆ ಕಾಲದಲ್ಲಿ ಸಂಸ್ಥಾನದ ಹುದ್ದೆಯೊಂದನ್ನು ಏರಿ, ಅಲ್ಲಿಂದ ಬಡವರಿಗೂ ಮದ್ದು ತಲುಪಿಸಿದ ಆಕೆಯ ಹೆಸರು ಮರಿಯಾ ಆಂಡ್ರೇಯೆ.

1550ರಲ್ಲಿ ಹೆರೆನ್‌ಬರ್ಗ್ ಪಟ್ಟಣದಲ್ಲಿ ಜನಿಸಿದ ಮರಿಯಾ, 1576ರಲ್ಲಿ ಲೂಥರನ್ ಪಾದ್ರಿ ಯೋಹಾನೆಸ್ ಆಂಡ್ರೇಯೆ ಅವರನ್ನು ವಿವಾಹವಾದರು. ಮಾವ ಯಾಕೋಬ್ ಆಂಡ್ರೇಯೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಹಿರಿಯ ಅಧಿಕಾರಿ, ಹೆಸರಾಂತ ಧರ್ಮಶಾಸ್ತ್ರಜ್ಞ. ಪತಿಗೆ ಮಾತ್ರ ರಸವಿದ್ಯೆಯ ಗೀಳು. ಕೀಳು ಲೋಹವನ್ನು ಚಿನ್ನವಾಗಿಸುವ ಹಂಬಲ ಆ ಕಾಲದ ಅರಮನೆಗಳನ್ನೂ ಬಿಟ್ಟಿರಲಿಲ್ಲ. ವುರ್ಟೆಂಬರ್ಗಿನ ದೊರೆ ಒಂದನೆಯ ಫ್ರೆಡರಿಕ್, ತನ್ನನ್ನು ವಂಚಿಸಿದ ರಸವಾದಿಯೊಬ್ಬನನ್ನು 1597ರಲ್ಲಿ ಕಬ್ಬಿಣದ ಗಲ್ಲುಗಂಬಕ್ಕೇರಿಸಿದ್ದುಂಟು. 1601ರಲ್ಲಿ ಪತಿ ತೀರಿಕೊಂಡಾಗ ಮರಿಯಾ ಪಾಲಿಗೆ ಮನೆತನದ ಹೆಸರು ಉಳಿದಿತ್ತು, ಹಣ ಉಳಿದಿರಲಿಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಆಕೆ ಟ್ಯೂಬಿಂಗನ್‌ಗೆ ನೆಲೆ ಬದಲಿಸಿದರು.

ಗಿಡಮೂಲಿಕೆಗಳನ್ನು ಗುರುತಿಸುವುದು, ಒಣಗಿಸುವುದು, ಬಟ್ಟಿ ಇಳಿಸುವುದು ಅಂದಿನ ಗೃಹಿಣಿಯರ ವಿದ್ಯೆ. ಮರಿಯಾ ಅದನ್ನೇ ಬಾಳಿನ ಆಸರೆಯಾಗಿಸಿಕೊಂಡರು. ಫ್ರೆಡರಿಕ್‌ನ ಪತ್ನಿ ಸಿಬಿಲ್ಲಾ ಸ್ವತಃ ಔಷಧ ವಿದ್ಯೆಯಲ್ಲಿ ಆಸಕ್ತೆ. ಆಕೆ 1607ರಲ್ಲಿ ಮರಿಯಾರನ್ನು ಸ್ಟುಟ್‌ಗಾರ್ಟ್‌ಗೆ ಕರೆಸಿಕೊಂಡು ಔಷಧಾಲಯವನ್ನು ಒಪ್ಪಿಸಿದರು. ಪಟ್ಟಣದ ಅಂಗಡಿಗಳಲ್ಲಿ ದೂರದೇಶದ ಸಾಂಬಾರ ಪದಾರ್ಥಗಳಿಂದ ತಯಾರಾದ ಮದ್ದು ಉಳ್ಳವರಿಗಷ್ಟೇ ಎಟಕುತ್ತಿತ್ತು. ಅರಮನೆಯ ಮದ್ದನ್ನು ಮರಿಯಾ ಬಡವರಿಗೆ ಉಚಿತವಾಗಿ ಕೊಟ್ಟರು. ರೋಗಿಗಳನ್ನು ತಾವೇ ಕಂಡು ವಿಚಾರಿಸಿದರು.

ವಿಧವೆಯಾದ ಸಿಬಿಲ್ಲಾ ಲಿಯೊನ್‌ಬರ್ಗ್‌ನಲ್ಲಿ ನೆಲೆಸಿದಾಗ, 1609ರಲ್ಲಿ ವಾಸ್ತುಶಿಲ್ಪಿ ಹೈನ್‌ರಿಷ್ ಶಿಕ್‌ಹಾರ್ಟ್ ಅವರಿಗಾಗಿ ಒಂದು ಉದ್ಯಾನ ನಿರ್ಮಿಸಿದ. ಅದೇ ಲಿಯೊನ್‌ಬರ್ಗ್‌ನಲ್ಲಿ ಮೂಲಿಕೆಗಳನ್ನು ಬಲ್ಲ ಇನ್ನೊಬ್ಬ ವಿಧವೆಯಿದ್ದಳು: ಖಗೋಳವಿಜ್ಞಾನಿ ಕೆಪ್ಲರನ ತಾಯಿ ಕ್ಯಾಥರೀನಾ. ಆಕೆ ಕೊಟ್ಟ ಪಾನೀಯದಿಂದ ಕಾಯಿಲೆಯಾಯಿತೆಂದು ನೆರೆಯವಳೊಬ್ಬಳು ದೂರಿದ್ದೇ ಮಾಟಗಾತಿಯ ಆರೋಪಕ್ಕೆ ದಾರಿಯಾಯಿತು. 1620ರಲ್ಲಿ ಬಂಧಿತಳಾದ ವೃದ್ಧೆ, ಮಗನ ಹೋರಾಟದಿಂದ ಮರುವರ್ಷ ಬಿಡುಗಡೆ ಹೊಂದಿದಳು; 1622ರಲ್ಲಿ ತೀರಿಕೊಂಡಳು. ಒಂದೇ ಬಗೆಯ ತಿಳಿವಳಿಕೆ. ಒಬ್ಬಳಿಗೆ ಗೌರವದ ಹುದ್ದೆ, ಇನ್ನೊಬ್ಬಳಿಗೆ ಸರಪಳಿ. ಆಸರೆಯಾಗಿ ನಿಂತ ಅಧಿಕಾರ ಎಷ್ಟು ದೊಡ್ಡದು ಎಂಬುದೇ ಇಬ್ಬರ ನಡುವಿನ ಮುಖ್ಯ ಅಂತರವಾಗಿತ್ತು.

1614ರಲ್ಲಿ ಸಿಬಿಲ್ಲಾ ನಿಧನರಾದರು. ಅದರೊಂದಿಗೆ ಮರಿಯಾರ ಸೇವೆಯೂ ಮುಗಿಯಿತು. ಸರ್ಕಾರಿ ಆಡಳಿತವನ್ನು ಒಳಗಿನಿಂದ ಕಂಡವರಿಗೆ ಈ ಸಂಗತಿ ಹೊಸದೇನಲ್ಲ. ಒಬ್ಬರ ಔದಾರ್ಯವನ್ನು ನೆಚ್ಚಿಕೊಂಡ ವ್ಯವಸ್ಥೆ, ಆ ಒಬ್ಬರು ಹೋದ ದಿನ ತಬ್ಬಲಿಯಾಗುತ್ತದೆ. ಕರುಣೆ ಬಾಳಿಕೆ ಬರಬೇಕಾದರೆ ಅದಕ್ಕೆ ನಿಧಿ, ನಿಯಮ, ನಿರ್ವಹಣೆ ಮೂರೂ ಬೇಕು.

ಇದರ ಅರಿವು ಮರಿಯಾರ ಮಗನಲ್ಲಿತ್ತು. ಆತ ಯೋಹಾನ್ ವ್ಯಾಲೆಂಟಿನ್ ಆಂಡ್ರೇಯೆ. 1619ರ 'ಕ್ರಿಸ್ಟಿಯಾನೊಪೊಲಿಸ್' ಕೃತಿಯಲ್ಲಿ ಆತ ಚಿತ್ರಿಸಿದ ಆದರ್ಶ ನಗರದಲ್ಲಿ ಪ್ರಯೋಗಶಾಲೆಗೂ ಔಷಧಾಲಯಕ್ಕೂ ಸ್ಥಾನವಿದೆ. 1620ರಲ್ಲಿ ಕಾಲ್ವ್ ಪಟ್ಟಣದ ಧರ್ಮಾಧಿಕಾರಿಯಾದ ಮೇಲೆ, ಅಲ್ಲಿನ ಬಟ್ಟೆ ವರ್ತಕರು ಮತ್ತು ಬಣ್ಣಗಾರರ ನೆರವಿನಿಂದ ಬಡವರಿಗಾಗಿ 1621ರಲ್ಲಿ ದತ್ತಿನಿಧಿಯನ್ನು ಕಟ್ಟಿದ. ಕಲ್ಪನೆಯ ನಗರ ಪುಸ್ತಕದಲ್ಲೇ ಉಳಿಯಿತು. ನಿಧಿ ನೆಲದ ಮೇಲೆ ನಿಂತಿತು.

ಮರಿಯಾ ಕೊನೆಯ ದಿನಗಳನ್ನು ಕಾಲ್ವ್‌ನಲ್ಲಿ ಕಳೆದು, 1632ರಲ್ಲಿ ತಮ್ಮ 81ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಎರಡೇ ವರ್ಷಗಳಲ್ಲಿ ಮೂವತ್ತು ವರ್ಷಗಳ ಯುದ್ಧದ ಸೈನಿಕರು ಆ ಪಟ್ಟಣವನ್ನು ಸುಟ್ಟು ಸೂರೆಗೈದರು. ಪತಿ ಬಯಸಿದ ಚಿನ್ನ ಮೂಸೆಯಲ್ಲಿ ಹುಟ್ಟಲೇ ಇಲ್ಲ. ಮರಿಯಾ ಬಟ್ಟಿ ಇಳಿಸಿದ ಮದ್ದು ಮಾತ್ರ, ಬೆಲೆ ತೆರಲಾಗದವರ ಮನೆಬಾಗಿಲನ್ನು ಏಳು ವರ್ಷಗಳ ಕಾಲ ತಲುಪಿತು.