ಒಪ್ಪದವರಿಗೂ ಜಾಗ ಕೊಟ್ಟ ರೋಜರ್‌ ವಿಲಿಯಮ್ಸ್‌

1672ರ ಆಗಸ್ಟ್‌. ಅಮೆರಿಕದ ಪ್ರಾವಿಡೆನ್ಸ್‌ ಎಂಬ ಊರಿನಿಂದ ಎಪ್ಪತ್ತರ ಆಸುಪಾಸಿನ ಮುದುಕನೊಬ್ಬ ದೋಣಿ ಹತ್ತಿದ. ಇಡೀ ದಿನ ಹುಟ್ಟು ಹಾಕಿ ಮಧ್ಯರಾತ್ರಿ ಹೊತ್ತಿಗೆ ನ್ಯೂಪೋರ್ಟ್‌ ಸೇರಿದ. ಯಾಕೆ ಗೊತ್ತಾ? ಕ್ವೇಕರ್‌ ಎಂಬ ಕ್ರೈಸ್ತ ಪಂಥದವರ ಜೊತೆ ವಾದ ಮಾಡಲು! ಅವರ ನಂಬಿಕೆ ಪೂರ್ತಿ ತಪ್ಪು ಎಂದು ಆತ ನಂಬಿದ್ದ. ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ಇದೇ ಕ್ವೇಕರ್‌ಗಳಲ್ಲಿ ನಾಲ್ವರನ್ನು ಕೆಲವೇ ವರ್ಷಗಳ ಹಿಂದೆ ನೇಣಿಗೆ ಹಾಕಿದ್ದರು. ರೋಡ್‌ ಐಲೆಂಡ್‌ನಲ್ಲಿ ಮಾತ್ರ ಅವರು ನಿರ್ಭಯವಾಗಿ ಬದುಕುತ್ತಿದ್ದರು. ಆ ನಾಡಿಗೆ ಪಾಯ ಹಾಕಿದವನೇ ಈ ಮುದುಕ, ರೋಜರ್‌ ವಿಲಿಯಮ್ಸ್‌.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಲ್ಲಿ ಅನೇಕರಿಗೆ ಧರ್ಮ ಮತ್ತು ಪ್ರಭುತ್ವದ ನಡುವಿನ ಗೋಡೆ ಎಂದರೆ ನೆನಪಾಗುವುದು ಜೆಫರ್ಸನ್‌ 1802ರಲ್ಲಿ ಬರೆದ ಪತ್ರ. ಅದಕ್ಕೂ ಒಂದೂವರೆ ಶತಮಾನ ಮೊದಲೇ, 1644ರಲ್ಲಿ, ವಿಲಿಯಮ್ಸ್‌ ಇದೇ ಗೋಡೆಯ ಮಾತಾಡಿದ್ದ. ಜೆಫರ್ಸನ್‌ಗೆ ಸರ್ಕಾರದ ಚಿಂತೆಯಾದರೆ ಈತನಿಗೆ ಚರ್ಚ್‌ನ ಚಿಂತೆ. ಅಧಿಕಾರ ಒಳಗೆ ಬಂದರೆ ಧರ್ಮವೇ ಕೆಡುತ್ತದೆ ಎಂಬುದು ಆತನ ವಾದ. ಸಿವಿಲ್‌ ಎಂಜಿನಿಯರಿಂಗ್‌ ಓದುವ ನನಗೆ ಗೋಡೆಗೆ ಇಂಥ ಕೆಲಸವೂ ಇದೆ ಅನ್ನುವುದು ಹೊಸದು!

ಲಂಡನ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ ಪಾದ್ರಿಯಾದ ವಿಲಿಯಮ್ಸ್‌ 1631ರಲ್ಲಿ ಬಾಸ್ಟನ್‌ಗೆ ಬಂದ. ಇಂಗ್ಲೆಂಡಿನ ಕಿರುಕುಳ ತಾಳಲಾರದೆ ಬಂದಿದ್ದ ಪ್ಯೂರಿಟನ್ನರು ಅಲ್ಲಿ ತಾವೇ ಬೇರೆಯವರಿಗೆ ಕಿರುಕುಳ ಕೊಡುತ್ತಿದ್ದರು. ಚರ್ಚ್‌ನ ಸದಸ್ಯನಲ್ಲದವನಿಗೆ ಮತದ ಹಕ್ಕೇ ಇರಲಿಲ್ಲ. ನಂಬಿಕೆಯ ವಿಷಯದಲ್ಲಿ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿಲ್ಲ ಎಂದ ವಿಲಿಯಮ್ಸ್‌. ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ರಾಜ ಯಾರು ಎಂದೂ ಕೇಳಿದ. ಬಿಟ್ಟಾರೆಯೇ? 1635ರ ಅಕ್ಟೋಬರ್‌ನಲ್ಲಿ ಗಡಿಪಾರು ಮಾಡಿದರು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸುತ್ತಾರೆ ಎಂಬ ಸುಳಿವು ಸಿಕ್ಕಾಗ, 1636ರ ಜನವರಿಯ ಹಿಮದಲ್ಲಿ ಮನೆ ಬಿಟ್ಟ. ಹದಿನಾಲ್ಕು ವಾರ ಅಲೆದಾಟ. ಆ ಚಳಿಯಲ್ಲಿ ಆತನಿಗೆ ಆಸರೆ ಕೊಟ್ಟವರು ಮೂಲನಿವಾಸಿಗಳು. ನಾರಗಾನ್ಸೆಟ್‌ ಜನರ ಮುಖಂಡರಿಂದ ಜಾಗ ಪಡೆದು ಪ್ರಾವಿಡೆನ್ಸ್‌ ಕಟ್ಟಿದ. ಊರಿನ ಆಡಳಿತ ಲೌಕಿಕ ವಿಷಯಗಳಿಗೆ ಮಾತ್ರ, ದೇವರ ವಿಷಯ ಅವರವರಿಗೆ ಬಿಟ್ಟದ್ದು ಎಂದು ಊರವರು ಒಪ್ಪಂದ ಮಾಡಿಕೊಂಡರು.

ಒಪ್ಪಂದ ಬರೆಯುವುದು ಸುಲಭ. 1638ರಲ್ಲೇ ಪರೀಕ್ಷೆ ಬಂತು. ಜೋಶುವಾ ವೆರಿನ್‌ ಎಂಬಾತ ಪ್ರಾರ್ಥನಾ ಸಭೆಗೆ ಹೋಗಬೇಡ ಎಂದು ಹೆಂಡತಿಯನ್ನು ಹೊಡೆದ. ಗಂಡನ ಮಾತು ಕೇಳುವುದೇ ಹೆಂಡತಿಯ ಧರ್ಮ ಎಂದು ಕೆಲವರು ಅವನ ಪರ ನಿಂತರು. ಆದರೂ ಊರು ಅವನ ಮತದಾನದ ಹಕ್ಕು ಕಿತ್ತುಕೊಂಡಿತು. 1638ರಲ್ಲಿ!

ಮುಂದೆ ವಿಲಿಯಮ್ಸ್‌ ಲಂಡನ್‌ಗೆ ಹೋಗಿ ವಸಾಹತಿಗೆ ಸನದು ತಂದ. ಅಲ್ಲಿ ಆತ ಬರೆದ ಪುಸ್ತಕವನ್ನು ಸಂಸತ್ತು ಸುಡಿಸಿತು. ಯಹೂದಿಗಳೂ ನ್ಯೂಪೋರ್ಟ್‌ಗೆ ಬಂದು ನೆಲೆಸಿದರು. ಕ್ವೇಕರ್‌ಗಳನ್ನು ಓಡಿಸಿ ಎಂದು 1657ರಲ್ಲಿ ನೆರೆಯ ವಸಾಹತುಗಳು ಒತ್ತಡ ಹಾಕಿದಾಗ ರೋಡ್‌ ಐಲೆಂಡ್‌ ಜಗ್ಗಲಿಲ್ಲ.

ಆತ ದೇವತೆಯೇನಲ್ಲ. 1676ರ ಯುದ್ಧದಲ್ಲಿ ಮೂಲನಿವಾಸಿಗಳು ಪ್ರಾವಿಡೆನ್ಸ್‌ಗೆ ಬೆಂಕಿ ಇಟ್ಟರು. ಆತನ ಮನೆಯೂ ಸುಟ್ಟಿತು. ಆಮೇಲೆ ಸೆರೆ ಸಿಕ್ಕವರನ್ನು ಜೀತಕ್ಕೆ ಮಾರಿದ ಸಮಿತಿಯಲ್ಲಿ ಆತನೂ ಇದ್ದ. ಹಿಮದಲ್ಲಿ ತನ್ನನ್ನು ಉಳಿಸಿದ ಜನ ಯಾರೆಂದು ಆಗ ಆತನಿಗೆ ನೆನಪಾಗಲಿಲ್ಲವೇ? ನನಗೆ ಇದು ಇನ್ನೂ ಅರಗಿಲ್ಲ.

1683ರಲ್ಲಿ ವಿಲಿಯಮ್ಸ್‌ ತೀರಿಕೊಂಡ. ಗಡಿಪಾರಿನ ಆದೇಶ ಮಾತ್ರ ಕಡತದಲ್ಲಿ ಹಾಗೇ ಉಳಿದಿತ್ತು. ಮ್ಯಾಸಚೂಸೆಟ್ಸ್‌ ಅದನ್ನು ರದ್ದು ಮಾಡಿದ್ದು 1936ರಲ್ಲಿ.