ಮಠಾಧಿಪತಿ ಸುಜೇರ್

ಬೆಳಗಾವಿಯ ಕ್ಯಾಂಪಿನಲ್ಲಿರುವ ಸೇಂಟ್ ಮೇರಿ ಚರ್ಚನ್ನು ನಮ್ಮ ಕಾಲೇಜಿನ ಬಹುಮಂದಿ ನೋಡಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆ ಕಲ್ಲುಕಟ್ಟಡದ ಕಮಾನುಗಳು ನೆತ್ತಿಯಲ್ಲಿ ಚೂಪಾಗಿ ಕೂಡಿಕೊಂಡಿವೆ. ಈ ರೀತಿಗೆ ಗಾಥಿಕ್ ಶೈಲಿಯೆಂದು ಹೆಸರು. ಅದು ಮೊದಲು ರೂಪು ತಳೆದುದು ಫ್ರಾನ್ಸಿನಲ್ಲಿ. ಅದಕ್ಕೆ ಕಾರಣಪುರುಷನಾದವನು ಸುಜೇರನೆಂಬ ಸನ್ಯಾಸಿ.

ಸುಜೇರನು ಕ್ರಿ.ಶ. 1081ರ ಸುಮಾರಿಗೆ ಸಾಮಾನ್ಯ ಮನೆತನವೊಂದರಲ್ಲಿ ಜನಿಸಿದನು. ಸುಮಾರು ಹತ್ತು ವರ್ಷದ ಬಾಲಕನನ್ನು ಹೆತ್ತವರು ಪ್ಯಾರಿಸ್ ಸಮೀಪದ ಸೇಂಟ್ ಡೆನಿಸ್ ಮಠಕ್ಕೆ ಒಪ್ಪಿಸಿದರು. ಮುಂದೆ ಆರನೆಯ ಲೂಯಿಯೆಂದು ಪಟ್ಟವೇರಿದ ರಾಜಪುತ್ರನೂ ಅಲ್ಲಿಯೇ ಕಲಿತವನು. ಅರಸನ ಮಗನಿಗೆ ಕುಲದ ಬಲವಿದ್ದರೆ ಸುಜೇರನಿಗೆ ವಿದ್ಯೆಯೊಂದೇ ಬಲ. ಆ ಬಲದಿಂದಲೇ ಅವನು 1122ರಲ್ಲಿ ಮಠಾಧಿಪತಿಯಾದನು.

ಮಠದ ದೇವಾಲಯವು ಬಹಳ ಇಕ್ಕಟ್ಟಾಗಿತ್ತು. ಸವದತ್ತಿ ಎಲ್ಲಮ್ಮನ ಜಾತ್ರೆಯ ನೂಕುನುಗ್ಗಲನ್ನು ಕಂಡವರು ಅಲ್ಲಿಯ ಹಬ್ಬದ ದಿನಗಳನ್ನು ಊಹಿಸಿಕೊಳ್ಳಬಹುದು. ಸುಜೇರನು ಮೊದಲು ಮಠದ ಜಮೀನುಗಳ ಹುಟ್ಟುವಳಿಯನ್ನು ಸುಧಾರಿಸಿದನು. ಹಣ ಕೂಡಿದ ಮೇಲೆ ಕಟ್ಟಡಕ್ಕೆ ಕೈಹಾಕಿದನು. ಅಷ್ಟು ದೊಡ್ಡ ತೊಲೆಗಳು ಆ ಸೀಮೆಯಲ್ಲಿ ದೊರೆಯಲಾರವೆಂದು ಬಡಗಿಗಳು ಕೈಚೆಲ್ಲಿದಾಗ, ತಾನೇ ಕಾಡು ಹೊಕ್ಕು ಬೇಕಾದ ಹನ್ನೆರಡು ಮರಗಳನ್ನು ಹುಡುಕಿ ತೆಗೆದನು.

1140ರಲ್ಲಿ ಮುಂಭಾಗವು ಮುಗಿಯಿತು. ಪೂಜಾವೇದಿಕೆಯ ಸುತ್ತಲಿನ ಭಾಗವನ್ನು ಮೂರೇಕಾಲು ವರ್ಷಗಳಲ್ಲಿ ಕಟ್ಟಿ, 1144ರ ಜೂನ್ 11ರಂದು ಪ್ರತಿಷ್ಠಾಪಿಸಲಾಯಿತು. ನಮ್ಮ ಕೋಟೆಯ ಕಮಲಬಸದಿಯಲ್ಲಿ ಕಂಬಗಳ ಮೇಲೆ ಅಡ್ಡಗಲ್ಲುಗಳನ್ನಿಟ್ಟು ಭಾರ ಹೊರಿಸಿದ್ದಾರೆ. ಸೇಂಟ್ ಡೆನಿಸ್‌ನಲ್ಲಾದರೋ ಚೂಪುಗಮಾನುಗಳೂ ಪಕ್ಕೆಲುಬಿನಂತಹ ಕಲ್ಲಿನ ಪಟ್ಟಿಗಳೂ ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸಿದವು. ಭಾರ ತಪ್ಪಿದ ಗೋಡೆಯನ್ನು ತೆರೆದು ಬಣ್ಣದ ಗಾಜನ್ನಿಡಲು ಸಾಧ್ಯವಾಯಿತು. ಕಣ್ಣಿಗೆ ಕಾಣುವ ಬೆಳಕು ಮನಸ್ಸನ್ನು ಕಾಣದ ಬೆಳಕಿನೆಡೆಗೆ ಒಯ್ಯುವುದೆಂಬುದು ಸುಜೇರನ ನಂಬಿಕೆ. ದೇವಾಲಯದಲ್ಲಿ ಇಂತಹ ವೈಭವವು ಸಲ್ಲದೆಂದು ಸಂತ ಬರ್ನಾರ್ಡನ ವಾದ. ಆದರೂ ಹೊಸ ರೀತಿಯು ಹಬ್ಬಿತು. ಪ್ಯಾರಿಸ್ಸಿನ ನೋತ್ರ್ ದಾಮ್, ಶಾರ್ತ್ರ್ ಮಂದಿರಗಳು ಮೇಲೆದ್ದವು.

ಏಳನೆಯ ಲೂಯಿಯು 1147ರಲ್ಲಿ ಧರ್ಮಯುದ್ಧಕ್ಕೆ ಹೋದಾಗ ಎರಡು ವರ್ಷ ರಾಜ್ಯಭಾರ ನಡೆಸಿದವನೂ ಸುಜೇರನೇ. 1151ರ ಜನವರಿ 13ರಂದು ಅವನು ತೀರಿಕೊಂಡನು.

ಇಂತಹ ಮಹನೀಯನಲ್ಲಿ ಒಂದು ಕೊರತೆಯನ್ನು ಹೇಳದಿರಲಾರೆ. ತನ್ನ ಹೆಸರನ್ನು ಅವನು ಆ ಕಟ್ಟಡದಲ್ಲಿ ಹಲವೆಡೆ ಬರೆಯಿಸಿದನು. ಕಟ್ಟಡದ ಕಥೆಯನ್ನೂ ಬರೆದಿಟ್ಟನು. ಆದರೆ ಮುಖ್ಯ ಶಿಲ್ಪಿಯ ಹೆಸರನ್ನು ಎಲ್ಲಿಯೂ ಹೇಳಲಿಲ್ಲ. ಅದೇ ಶತಮಾನದಲ್ಲಿ ನಮ್ಮ ಕಿತ್ತೂರಿನ ಸಮೀಪ ದೇಗಾಂವದಲ್ಲಿ ಕದಂಬರ ರಾಣಿ ಕಮಲಾದೇವಿಯು ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಅಲ್ಲಿ ರಾಣಿಯ ಹೆಸರಿನೊಡನೆ ಶಿಲ್ಪಿ ತಿಪ್ಪೋಜನ ಹೆಸರೂ ಉಳಿದಿದೆ.

ನನ್ನ ತಂದೆಯವರು ಖಾನಾಪುರದಲ್ಲಿ ಗೌಂಡಿಗಳು. ಅವರು ಕಟ್ಟಿದ ಮನೆಗಳು ಬಹಳ. ಅವುಗಳ ಮೇಲೆ ಅವರ ಹೆಸರಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಸುಜೇರನ ಚರಿತ್ರೆಯನ್ನು ಓದುವಾಗ ಅವನ ವಿದ್ಯೆಗೆ ತಲೆಬಾಗಿದೆ. ಹೆಸರಿಲ್ಲದ ಆ ಗೌಂಡಿಗಳಿಗೆ ಕೈಮುಗಿದೆ.